ಗೋ-ಕಾರ್ಟ್ (ಚಿಕ್ಕ ರೇಸ್ ಗಾಡಿ) ತಿರುವಿನಲ್ಲಿ ನೇರಕ್ಕೇ ಹೋಗ್ತಿದ್ಯಾ? ಹೀಗೆ ಮಾಡಿ ನೋಡಿ

ಮೊದಲು ಟೈರ್ ಗಾಳಿ ನೋಡಿ. ಅದು ಸರಿಯಿದ್ದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ.

ಕಾರ್ಟ್‌ಗೆ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್) ಇಲ್ಲ ಅಲ್ವಾ, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ನಲ್ಲಿ ಒಟ್ಟಿಗೆ ಸುತ್ತುತ್ತವೆ. ಹಾಗಾಗಿ ತಿರುವಿನಲ್ಲಿ ಒಳಬದಿಯ ಹಿಂಚಕ್ರ ಸ್ವಲ್ಪ ಮೇಲೇಳಲೇಬೇಕು. ಏಳದಿದ್ದರೆ ಅದೇ ಕಾರ್ಟನ್ನು ನೇರಕ್ಕೆ ತಳ್ಳುತ್ತದೆ.

ಮುಂದಿನ ಹಬ್‌ನ (ಚಕ್ರ ಕೂರುವ ಭಾಗ) ಹೊರಗಿರುವ ಒಂದು ಸ್ಪೇಸರ್ (ಅಂತರ ಕೊಡುವ ಬಳೆ) ತೆಗೆದು ಒಳಬದಿಗೆ ಹಾಕಿ. ಎರಡೂ ಕಡೆ ಸಮನಾಗಿರಲಿ. ಹೀಗೆ ಮುಂದಿನ ಚಕ್ರಗಳ ನಡುವಿನ ಅಗಲ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಬೇರೇನನ್ನೂ ಮುಟ್ಟದೆ ಕೆಲವು ಸುತ್ತು ಓಡಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದಿಲ್ಲ.

ಸಾಲದಿದ್ದರೆ ಕ್ಯಾಸ್ಟರ್ (ಮುಂಚಕ್ರ ತಿರುಗುವ ಪಿನ್ ಹಿಂದಕ್ಕೆ ವಾಲಿರುವ ಕೋನ) ಸ್ವಲ್ಪ ಜಾಸ್ತಿ ಮಾಡಿ. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ಒಳಬದಿಯ ಹಿಂಚಕ್ರ ಚೆನ್ನಾಗಿ ಏಳುತ್ತದೆ. ಟ್ರ್ಯಾಕ್ ಮೇಲೆ ಟೈರ್‌ಗಳ ರಬ್ಬರ್ ಕೂತು ಹಿಡಿತ ಹೆಚ್ಚಾಗಿ ಕಾರ್ಟ್ ಕುಪ್ಪಳಿಸತೊಡಗಿದರೆ ಇದನ್ನೇ ವಾಪಸ್ ಕಡಿಮೆ ಮಾಡಿ.