ಡಬ್ಬಿ ಕೊಳ್ಳುವ ಮೊದಲು ಆಟಿಕೆ ಬೇರ್ಪಡಿಸಿ

ಮನೆ ತುಂಬ ಆಟಿಕೆ ಹರಡಿತೆಂದರೆ ಹೆಚ್ಚಿನವರು ಮೊದಲು ಹೋಗುವುದು ಪ್ಲಾಸ್ಟಿಕ್ ಅಂಗಡಿಗೆ. ದೊಡ್ಡದೊಂದು ಟಬ್ ತಂದು ಎಲ್ಲವನ್ನೂ ಅದರೊಳಗೆ ಸುರಿಯುತ್ತಾರೆ. ತಳದಲ್ಲಿರುವ ಒಂದು ಕಾರಿಗಾಗಿ ಮಗು ಇಡೀ ಟಬ್ ಬೋರಲು ಹಾಕುತ್ತದೆ. ಡಬ್ಬಿ ಖರೀದಿ ಕೊನೆಯ ಕೆಲಸವಾಗಬೇಕು.

ಮಂಚದ ಕೆಳಗಿನದು, ಅಟ್ಟದ ಮೇಲಿನದು, ಸ್ಕೂಟರ್ ಡಿಕ್ಕಿಯೊಳಗಿನದು ಎಲ್ಲವನ್ನೂ ಪಡಸಾಲೆಯಲ್ಲಿ ಹಳೆ ಚಾದರದ ಮೇಲೆ ಗುಡ್ಡೆ ಹಾಕಿ. ಅಟ್ಟದ ರಟ್ಟಿನ ಪೆಟ್ಟಿಗೆಗೆ ನೇರ ಕೈ ಹಾಕಬೇಡಿ. ನಮ್ಮ ಭಾಗದ ಚೇಳುಗಳಿಗೆ ಅಂಥ ಜಾಗವೇ ಬೇಕು. ಅಂಗಳಕ್ಕೆ ತಂದು, ಕೋಲಿನಿಂದ ತಟ್ಟಿ ಸುರಿಯಿರಿ.

ಎಡವುವುದು ಬೇರ್ಪಡಿಸುವಾಗ. ಒಂದೊಂದನ್ನೇ ಎತ್ತಿ ‘ಇದು ಬೇಕಾ?’ ಎಂದರೆ ಮಗು ಎಲ್ಲದಕ್ಕೂ ‘ಬೇಕು’ ಅನ್ನುತ್ತದೆ. ಅದು ಮಲಗಿದಾಗ ಕದ್ದು ಎಸೆಯುವುದು ಇನ್ನೂ ಕೆಟ್ಟದ್ದು. ಆಮೇಲೆ ಮುರಿದದ್ದನ್ನೂ ಬಚ್ಚಿಡಲು ಶುರುಮಾಡುತ್ತದೆ. ಹಾಗಾಗಿ ಎರಡು ಸುತ್ತು ಮಾಡಿ.

ಮೊದಲ ಸುತ್ತು ದೊಡ್ಡವರದು ಮಾತ್ರ. ಚೂಪಾಗಿ ಒಡೆದದ್ದು, ಬಣ್ಣ ಏಳುತ್ತಿರುವುದು, ಒತ್ತಿದರೆ ಕಪ್ಪು ನೀರು ಬರುವ ರಬ್ಬರ್ ಬಾತುಕೋಳಿ ತೆಗೆದುಬಿಡಿ. ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಆಟಿಕೆ ಮನೆಯಲ್ಲೇ ಬೇಡ: ನುಂಗಿದ ಬ್ಯಾಟರಿ ಎರಡು ತಾಸಿನಲ್ಲಿ ಅನ್ನನಾಳ ಸುಡಬಲ್ಲದು. ಮೂರು ವರ್ಷದೊಳಗಿನ ಕೂಸಿದ್ದರೆ, ಅಗಲ 3 ಸೆಂ.ಮೀ. ಆಸುಪಾಸು ಇರುವ ಅಥವಾ ಅದಕ್ಕಿಂತ ಸಣ್ಣ ಬಿಡಿಭಾಗಗಳನ್ನೂ ಎತ್ತಿಡಿ. ಅಳತೆಗೆ ಹತ್ತು ರೂಪಾಯಿ ನಾಣ್ಯ ಹಿಡಿಯಿರಿ. ಅದು 27 ಮಿ.ಮೀ. ಇದೆ.

ಎರಡನೆಯ ಸುತ್ತಿಗೆ ಮಗುವನ್ನು ಕೂರಿಸಿಕೊಳ್ಳಿ. ಕಾರು, ಬ್ಲಾಕ್ಸ್, ಅಡುಗೆ ಸೆಟ್, ಗೊಂಬೆ ಬೇರೆಬೇರೆ ಗುಂಪು ಮಾಡಿ, ‘ಈ ಹನ್ನೆರಡು ಕಾರಿನಾಗ ನಾಳೆ ಆಡಾಕ ಯಾವ ನಾಕು ಬೇಕು?’ ಎಂದು ಕೇಳಿ. ಲೆಕ್ಕ ಕೊಟ್ಟು ಕೇಳಿದರೆ ಮಗು ಆರಿಸುತ್ತದೆ. ವಯಸ್ಸು ಮೀರಿದ್ದು ಕೊಡುವ ಚೀಲಕ್ಕೆ, ಮಿಕ್ಕಿದ್ದು ಅಟ್ಟದ ಚೀಲಕ್ಕೆ. ಅತ್ತರೆ ವಾದ ಬೇಡ, ಅದನ್ನೂ ಅಟ್ಟದ ಚೀಲಕ್ಕೇ ಹಾಕಿ ಮೇಲೆ ತಾರೀಖು ಬರೆಯಿರಿ. ಎರಡು ತಿಂಗಳು ಕೇಳದಿದ್ದರೆ ಕೊಡುವ ಮಾತೆತ್ತಬಹುದು. ಒಮ್ಮೆಗೆ 40 ನಿಮಿಷ ಸಾಕು. ಹಸಿದ ಮಗುವಿನೊಂದಿಗೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಪ್ಲಾಸ್ಟಿಕ್ಕನ್ನು ಪಾತ್ರೆ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ರಾಯಚೂರು, ಬಳ್ಳಾರಿಯ ಮೇ ಬಿಸಿಲಿಗೆ ಮಾಳಿಗೆ ಮೇಲಿಟ್ಟ ತೆಳು ಆಟಿಕೆ ಸೊಟ್ಟಗಾಗುತ್ತದೆ. ಬಟ್ಟೆ ಗೊಂಬೆಗಳನ್ನು ದಿಂಬಿನ ಕವರಿನಲ್ಲಿ ಕಟ್ಟಿ ಮಷಿನ್ನಿಗೆ ಹಾಕಬಹುದು. ಅವಕ್ಕೆ ಮಾತ್ರ ಬಿಸಿಲು ಬೇಕು, ಒಳಗಿನ ಹತ್ತಿ ಹಸಿ ಉಳಿದರೆ ಮುಗ್ಗಲು ವಾಸನೆ. ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗೊಂಬೆಗೆ ನೀರು ತಾಗಿಸಬೇಡಿ. ಬಣ್ಣದಡಿಯ ಹುಣಸೆ ಬೀಜದ ಅಂಟು ನೆನೆದು ಬಣ್ಣದ ಪದರ ಏಳುತ್ತದೆ. ಒಣ ಬ್ರಷ್ಷಿನಲ್ಲಿ ಧೂಳು ಕೊಡವಿದರೆ ಮುಗಿಯಿತು.

ಈಗ ಡಬ್ಬಿ. ಒಂದು ಗುಂಪಿಗೆ ಒಂದು, ಮೊಣಕಾಲೆತ್ತರಕ್ಕಿಂತ ಚಿಕ್ಕದು, ಹೊರಗಿನಿಂದ ಒಳಗಿನದು ಕಾಣುವಂಥದ್ದು. ಕಡಪ ಕಲ್ಲಿನ ಗೂಡಿದ್ದರೆ ಕೆಳಗಿನ ಎರಡು ಸಾಲು ಮಗುವಿಗೆ ಬಿಡಿ, ಡಬ್ಬಿಯ ಮೇಲೆ ಚಿತ್ರ ಅಂಟಿಸಿ. ಹಳೆ ತಗಡಿನ ಟ್ರಂಕು ಬೇಡ, ಮುಚ್ಚಳ ಬೆರಳ ಮೇಲೆ ಬೀಳುತ್ತದೆ. ನುಸಿ ಗುಳಿಗೆಯೂ ಬೇಡ, ಮಿಠಾಯಿಯೆಂದು ಬಾಯಿಗಿಡುತ್ತಾರೆ. ಅಟ್ಟಕ್ಕೆ ಹಾಕುವ ಮುನ್ನ ಬ್ಯಾಟರಿ ತೆಗೆಯಿರಿ. ಆರ್‌ಸಿಸಿ ಛಾವಣಿಯಡಿಯ ಕಾವಿಗೆ ಅದು ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಅಟ್ಟದ ಐದಾರನ್ನು ಇಳಿಸಿ, ಅಷ್ಟನ್ನೇ ಮೇಲೇರಿಸಿ.

ಕೊಡುವ ಚೀಲ ಅಂಗನವಾಡಿಗಾದರೆ ತೊಳೆದದ್ದು, ಭಾಗಗಳೆಲ್ಲ ಇರುವುದು ಮಾತ್ರ ಕೊಡಿ. ಅಲ್ಲಿ ಆಡುವುದು 3ರಿಂದ 6 ವರ್ಷದವರು. ಮುಂದೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ. ಕಿನ್ನಾಳದಂಥ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಗೊಂಬೆಗಳಿಗೆ ವಿನಾಯಿತಿಯಿದೆ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಾರುವ ಹೆಸರಿಲ್ಲದ ಪ್ಲಾಸ್ಟಿಕ್ ಬಂದೂಕಿಗಿಲ್ಲ.