ಅಡಿಕೆ ಕೊಯ್ಲಿನಲ್ಲಿ ತಪ್ಪಿದ ಪಾಠಗಳು

ಚನ್ನಗಿರಿ ತಾಲ್ಲೂಕಿನ ಆ ಶಾಲೆಗೆ ವರ್ಗವಾಗಿ ಹೋದ ಮೊದಲ ದಿನ ಏಳನೇ ತರಗತಿಯ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. ‘ಯಾರನ್ನು ಕರೆದುಕೊಂಡು ಹೋಗಲು ಬಂದೆಯಪ್ಪ, ತಮ್ಮನನ್ನೋ ತಂಗಿಯನ್ನೋ?’ ಎಂದು ಕೇಳಿದೆ. ಒಳಗಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಅವನು ಅದೇ ತರಗತಿಯವನು. ಮೀಸೆ ಚಿಗುರುತ್ತಿತ್ತು, ಎತ್ತರದಲ್ಲಿ ನನಗಿಂತ ಎರಡು ಬೆರಳು ಹೆಚ್ಚೇ ಇದ್ದ. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವನನ್ನು ನೋಡಿ ನಕ್ಕವರು ಈಗಾಗಲೇ ಸಾಕಷ್ಟಿದ್ದಾರೆ.

ಅದು 2022ರ ಮೇ ತಿಂಗಳು. ಕೋವಿಡ್ ಕಾಲದ ಎರಡು ವರ್ಷಗಳ ನಷ್ಟ ತುಂಬಲೆಂದು ಆ ವರ್ಷ ಶಾಲೆಗಳನ್ನು ಮೇ 16ಕ್ಕೇ ತೆರೆದು, ‘ಕಲಿಕಾ ಚೇತರಿಕೆ’ ಎಂದು ಹೆಸರಿಟ್ಟು ಹಾಳೆಗಳ ಕಟ್ಟು ಕಳಿಸಿದ್ದರು. ನನ್ನ ತರಗತಿಯಲ್ಲಿ ವಯಸ್ಸು ಮೀರಿದವರು ಏಳು ಮಂದಿ: ನಾಲ್ವರು ಹುಡುಗರು, ಮೂವರು ಹುಡುಗಿಯರು. ಹದಿನಾಲ್ಕು ತುಂಬಿದವರು, ಹದಿನೈದು ನಡೆಯುತ್ತಿದ್ದವರು. ಹೆಚ್ಚಿನವರು ಸೂಳೆಕೆರೆಯ ಆಚೆಗಿನ ತಾಂಡಾಗಳ ಲಂಬಾಣಿ ಮಕ್ಕಳು. ಯಾರೂ ನಪಾಸಾಗಿ ಹಿಂದೆ ಉಳಿದವರಲ್ಲ. ಅಪ್ಪ ಅಮ್ಮನ ಹಿಂದೆ ಕಾಫಿ ತೋಟಕ್ಕೋ ಕಬ್ಬು ಕಡಿಯುವ ಕಡೆಗೋ ಹೋಗಿ ಶಾಲೆಗೆ ತಡವಾಗಿ ಸೇರಿದವರು, ನಡುವೆ ಒಂದೆರಡು ವರ್ಷ ಬಿಟ್ಟು ಮತ್ತೆ ಬಂದವರು.

ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಕಲಂ ಇಂಥ ಮಕ್ಕಳಿಗಾಗಿಯೇ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು, ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಓದಿಸಬೇಕು. ತರಬೇತಿ ಕನಿಷ್ಠ ಮೂರು ತಿಂಗಳು, ಬೇಕಾದರೆ ಎರಡು ವರ್ಷದವರೆಗೆ ಎಂದು ನಿಯಮ ಹೇಳುತ್ತದೆ. ನಮ್ಮ ಹುಡುಗ ಎರಡು ವರ್ಷ ಬಿಟ್ಟು ಬಂದಾಗ ಹಿಂದಿನ ಶಾಲೆಯೊಂದು ಅವನನ್ನು ಬಿಟ್ಟ ತರಗತಿಗೇ ಕೂರಿಸಿತ್ತು. ದಾಖಲೆಯಲ್ಲಿ ತರಬೇತಿ ಎಂಬ ಕಾಲಂನಡಿ ಹಾಜರಿ ಮಾತ್ರ ತುಂಬಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಆ ಹುಡುಗನನ್ನು ಮನೆಗೆ ಹೋಗಿ ಕರೆತಂದು, ಓದಿಸಿ ನೋಡಿದೆ. ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ಸರಿ, ಬುಡದಿಂದ ಶುರು ಮಾಡೋಣ ಎಂದುಕೊಂಡು ಒಂದನೇ ತರಗತಿಯ ನಲಿ ಕಲಿ ಕಾರ್ಡುಗಳನ್ನು ಅವನ ಮುಂದೆ ಇಟ್ಟೆ. ಗಿಳಿ, ಬಣ್ಣದ ಕೊಡೆ, ನಗುವ ಸೂರ್ಯ. ಅವನು ಕಾರ್ಡುಗಳನ್ನು ಒಟ್ಟು ಮಾಡಿ ಚೀಲದ ಅಡಿಗೆ ತುರುಕಿದ. ನಾಲ್ಕು ದಿನ ನಾಪತ್ತೆ. ಹದಿನೈದು ವರ್ಷದವನ ಕೈಗೆ ಗಿಳಿಯ ಚಿತ್ರ ಕೊಡುವುದು ಪಾಠವಲ್ಲ, ಅವಮಾನ ಎಂಬುದು ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ನಾಲ್ಕು ದಿನಗಳಲ್ಲಿ ತಿಳಿಯಿತು.

ಐದನೆಯ ದಿನ ಅವನ ಮುಂದೆ ದಿನಪತ್ರಿಕೆಯ ಅಡಿಕೆ ಧಾರಣೆಯ ಕಾಲಂ ಇಟ್ಟೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳು. ಇವನ್ನು ಅವನು ಓದಲೇ ಇಲ್ಲ, ನೋಡಿ ಹೇಳಿದ. ಬಾಯಿಗೆ ಬರುವ ಪದದಲ್ಲೇ ಒತ್ತಕ್ಷರ ತೋರಿಸಿದೆ: ಬೆಟ್ಟೆಯ ಟಕ್ಕೆ ಟ, ಚನ್ನಗಿರಿಯ ನಕ್ಕೆ ನ, ಮಾರುಕಟ್ಟೆ. ಆಮೇಲೆ ಕನಿಷ್ಠ, ಗರಿಷ್ಠ. ‘ಷ ಕೆಳಗೆ ಇರುವುದು ಏನು?’ ಎಂದರೆ ಬೆರಳಿಟ್ಟು ನೋಡುತ್ತಾ ಕೂತ. ಕೂತ ಎಂಬುದೇ ನನಗೆ ದೊಡ್ಡದು. ಒಂದು ತಿಂಗಳು ನಮ್ಮ ಓದು ಧಾರಣೆ ಕಾಲಂ, ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿನ ಬರಹ, ಪಡಿತರ ಚೀಟಿ, ಇಷ್ಟರಲ್ಲೇ ನಡೆಯಿತು. ಪಠ್ಯಪುಸ್ತಕ ಆಮೇಲೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಪಾಟಿನಲ್ಲಿದ್ದ, ಕೋವಿಡ್‌ಗೆ ಮುಂಚಿನ ಹಾಜರಿ ಪುಸ್ತಕಗಳನ್ನು ತೆಗೆದು ಕೂತೆ. ನಮ್ಮಲ್ಲೇ ಕೆಳಗಿನ ತರಗತಿಗಳನ್ನು ಓದಿದ್ದ ನಾಲ್ವರ ಹೆಸರಿನ ಮುಂದೆ ಬೆರಳಾಡಿಸಿದರೆ ಜೂನ್, ಜುಲೈ, ಆಗಸ್ಟ್ ಚೆನ್ನಾಗಿಯೇ ಇತ್ತು. ಅಕ್ಟೋಬರಿನಿಂದ ಜನವರಿವರೆಗೆ ‘ಗೈ, ಗೈ, ಗೈ’. ಮೂರನೇ ತರಗತಿಯಲ್ಲೂ ಹಾಗೆ, ನಾಲ್ಕರಲ್ಲೂ ಐದರಲ್ಲೂ ಹಾಗೆಯೇ. ಅಡಿಕೆ ಕೊಯ್ಲು, ಅದರ ಜೊತೆಗೇ ಮೆಕ್ಕೆಜೋಳ, ಅದು ಮುಗಿದರೆ ಮಲೆನಾಡಿನ ಕಾಫಿ. ವಾರ್ಷಿಕ ಪಾಠ ಹಂಚಿಕೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಆ ತಿಂಗಳುಗಳಲ್ಲಿ ಪ್ರತಿ ವರ್ಷವೂ ನಡೆದದ್ದು ಭಾಗಾಕಾರದ ಮುಂದುವರಿಕೆ, ಭಿನ್ನರಾಶಿ, ದಶಮಾಂಶ. ಅಂದರೆ ಈ ಮಕ್ಕಳಿಗೆ ಗಣಿತ ಬರುತ್ತಿರಲಿಲ್ಲ ಎಂದಲ್ಲ. ಮೂರು ವರ್ಷವೂ ಒಂದೇ ಜಾಗದಲ್ಲಿ ತೂತು ಬಿದ್ದಿತ್ತು. ನಾವು ಮಾತ್ರ ಇಡೀ ಬಟ್ಟೆಯೇ ಹರಿದಿದೆ ಎಂದು ಮತ್ತೆ ನೂಲುವುದರಿಂದ ಶುರು ಮಾಡುತ್ತಿದ್ದೆವು.

ಅಂದಿನಿಂದ ಪ್ರತಿ ಮಗುವಿಗೂ ಒಂದು ಹಾಳೆ ಮಾಡಿದೆ. ಎಡಕ್ಕೆ ತಪ್ಪಿದ ತಿಂಗಳು, ಬಲಕ್ಕೆ ಆ ತಿಂಗಳ ಪಾಠ. ಸರಾಸರಿ ಹನ್ನೊಂದು ಹನ್ನೆರಡು ಸಾಲು. ಏಳು ವರ್ಷದ ಪಾಠವಲ್ಲ, ಹನ್ನೆರಡು ಸಾಲು! ಹಾಳೆಯನ್ನು ಅವರ ಕೈಗೇ ಕೊಟ್ಟೆ. ಒಬ್ಬ ಹುಡುಗಿ ಎರಡು ಬಾರಿ ಎಣಿಸಿ, ‘ಇಷ್ಟೇನಾ ಮೇಡಂ?’ ಎಂದಳು.

ಭಾಗಾಕಾರದ ಒಂದು ದಿನವನ್ನು ಹೇಳಲೇಬೇಕು. 2,412ನ್ನು 12ರಿಂದ ಭಾಗಿಸಲು ಕೊಟ್ಟೆ. ದೊಡ್ಡ ಹುಡುಗ 21 ಎಂದು ಬರೆದು ತೋರಿಸಿದ. ನಡುವಿನ ಸೊನ್ನೆ ಹಾರಿಹೋಗಿತ್ತು. ಇದು ಈ ಲೆಕ್ಕದಲ್ಲಿ ಎಲ್ಲರೂ ಎಡವುವ ಕಲ್ಲು. ತಪ್ಪು ಎನ್ನದೆ ಕೇಳಿದೆ: ‘ಹನ್ನೆರಡು ಜನ ಅಡಿಕೆ ಸುಲಿದಿರಿ. ಯಜಮಾನರು ಒಟ್ಟು ಎರಡು ಸಾವಿರದ ನಾನೂರ ಹನ್ನೆರಡು ರೂಪಾಯಿ ಕೊಟ್ಟರು. ಒಬ್ಬೊಬ್ಬರಿಗೆ ಇಪ್ಪತ್ತೊಂದು ರೂಪಾಯಿ ಬಂತು, ಒಪ್ಪುತ್ತೀಯಾ?’ ಅವನು ಪುಸ್ತಕ ನೋಡಲೇ ಇಲ್ಲ. ‘ಯಾರೋ ನಡುವೆ ತಿಂದಿದ್ದಾರೆ ಮೇಡಂ. ಇನ್ನೂರ ಒಂದು ಬರಬೇಕು.’ ‘ತಿಂದವನು ಯಾರು, ಹುಡುಕು’ ಎಂದೆ. ಪೆನ್ಸಿಲ್ ಹಿಡಿದು ಮೇಲಿನಿಂದ ಕೆಳಗೆ ಬಂದ. ಒಂದನ್ನು ಇಳಿಸಿಕೊಂಡಾಗ ಹನ್ನೆರಡರಿಂದ ಹೋಗದು ಎಂದು ಬಿಟ್ಟು ಮುಂದೆ ನಡೆದಿದ್ದ ಜಾಗ ಸಿಕ್ಕಿತು. ಅಲ್ಲಿ ಸೊನ್ನೆಯನ್ನು ಎಷ್ಟು ಒತ್ತಿ ಬರೆದನೆಂದರೆ ಹಾಳೆಯ ಹಿಂದೆ ಉಬ್ಬಿತ್ತು.

ಶೇಕಡಾ ಕಲಿಸಲು ನನಗೆ ಕೆಲಸವೇ ಇರಲಿಲ್ಲ. ನೂರು ಕಿಲೋ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು ಹದಿಮೂರು ಕಿಲೋ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಶೇ 12 ಎಂದು ಬರೆದು, 350 ಕಿಲೋ ಹಸಿಗೆ ಎಷ್ಟು ಎಂದೆ. ‘ಮುನ್ನೂರಕ್ಕೆ ಮೂವತ್ತಾರು, ಐವತ್ತಕ್ಕೆ ಆರು, ನಲವತ್ತೆರಡು’ ಎಂದು ಉತ್ತರ ಬಂತು. ಉಳಿದ ಮಕ್ಕಳು ಆಗ ತಿರುಗಿ ನೋಡಿದರು, ನಗಲಿಲ್ಲ. ದಶಮಾಂಶಕ್ಕೆ ತೂಕದ ಯಂತ್ರ ನೆರವಾಯಿತು. ಯಂತ್ರ 12.050 ಎಂದು ತೋರಿಸಿದರೆ ಒಬ್ಬ ಹುಡುಗಿ ಹನ್ನೆರಡೂವರೆ ಎಂದು ಓದುತ್ತಿದ್ದಳು. ಐವತ್ತು ಗ್ರಾಂಗೂ ಅರ್ಧ ಕಿಲೋಗೂ ಇರುವ ವ್ಯತ್ಯಾಸವನ್ನು ಕೂಲಿಯ ಲೆಕ್ಕದಲ್ಲಿ ತೋರಿಸಿದ ಮೇಲೆ ಆ ತಪ್ಪು ಮತ್ತೆ ಬರಲಿಲ್ಲ.

ಹಿಂದಿ ಅವರಿಗೆ ನಮ್ಮ ಕನ್ನಡದ ಮಕ್ಕಳಿಗಿಂತ ಸುಲಭ. ಅವರ ಮನೆಯ ಲಂಬಾಣಿ ಮಾತು ಗೋರ್ ಬೋಲಿ ಅದರ ದಾಯಾದಿ. ಇಂಗ್ಲಿಷಿನಲ್ಲಿ ನಾನು ಸೋತೆ. ಒಪ್ಪಿಕೊಳ್ಳುತ್ತೇನೆ.

ವೇಳೆಯ ವಿಷಯದಲ್ಲೂ ಎಡವಿದೆ. ಬೆಳಿಗ್ಗೆ ಒಂಬತ್ತಕ್ಕೆ ವಿಶೇಷ ತರಗತಿ ಎಂದು ಸಾರಿದೆ. ಕೊಯ್ಲು ಶುರುವಾದ ಮೇಲೆ ರಾತ್ರಿ ಹನ್ನೊಂದರವರೆಗೆ ಬಲ್ಬಿನ ಕೆಳಗೆ ಸುಲಿದು ಮಲಗುವ ಮಕ್ಕಳು ಒಂಬತ್ತಕ್ಕೆ ಹೇಗೆ ಬಂದಾರು? ಸುಲಿಯುವ ಯಂತ್ರ ಬಂದಿದೆ ನಿಜ, ಆದರೆ ಎಲ್ಲ ಕಡೆ ಅಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ಮನೆಯ ಕಸುಬಿಗೆ ಶಾಲೆ ಬಿಟ್ಟ ಮೇಲೆ ಮಕ್ಕಳು ಕೈ ಹಾಕಬಹುದು ಎನ್ನುತ್ತದೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರ ಅಂಗಳ ಮನೆಯ ಕಸುಬಲ್ಲ ಎಂದು ನಾನು ಜಗಳ ತೆಗೆಯಬಹುದಿತ್ತು. ತೆಗೆದಿದ್ದರೆ ಮಕ್ಕಳು ಶಾಲೆಗೂ ಬರುತ್ತಿರಲಿಲ್ಲ ಎಂದು ಆಗ ಅನ್ನಿಸಿತು. ಈಗಲೂ ಆ ಬಗ್ಗೆ ನನಗೆ ಸಮಾಧಾನವಿಲ್ಲ. ತಾಯಂದಿರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆ: ಕಾಫಿಗೆ ಹೋಗುವಾಗ ಈ ಏಳು ಮಂದಿಯನ್ನು ಅಜ್ಜಿಯರ ಬಳಿ ಬಿಟ್ಟು ಹೋಗಬೇಕು, ಸುಲಿಯುವುದು ರಾತ್ರಿ ಒಂಬತ್ತಕ್ಕೆ ನಿಲ್ಲಬೇಕು, ವಿಶೇಷ ತರಗತಿ ಬಿಸಿಯೂಟದ ನಂತರ ನಲವತ್ತು ನಿಮಿಷ. ಬೆರಳುಗಳು ಅಡಿಕೆಯ ಕರೆ ಹತ್ತಿ ಕಪ್ಪಾಗಿಯೇ ಇರುತ್ತಿದ್ದವು. ಊಟಕ್ಕೆ ಮೊದಲು ಅವುಗಳನ್ನು ಮುಚ್ಚಿಟ್ಟುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಡಿಸೆಂಬರಿನ ಹೊತ್ತಿಗೆ ಮುಚ್ಚಿಡುವುದನ್ನು ಬಿಟ್ಟಳು.

ಆ ವರ್ಷ ಕಲಿಕಾ ಚೇತರಿಕೆ ನನಗೆ ಇನ್ನೊಂದು ರೀತಿಯಲ್ಲಿ ಒದಗಿತು. ಎಲ್ಲರೂ ಹಿಂದಿದ್ದರು, ಎಲ್ಲರ ಮುಂದೆಯೂ ಹಾಳೆ ಇತ್ತು. ನನ್ನ ಏಳು ಜನರ ಹಾಳೆ ಬೇರೆ ಎಂದು ಯಾರಿಗೂ ಎದ್ದು ಕಾಣಲಿಲ್ಲ.

ಕಲಿತ ಮೇಲೂ ಹೆಚ್ಚಿನ ಮಕ್ಕಳು ಕಳೆದುಹೋಗುವುದು ಏಳು ಮತ್ತು ಎಂಟರ ನಡುವಿನ ಬೇಸಿಗೆಯಲ್ಲಿ. ಹೈಸ್ಕೂಲು ಬೇರೆ ಊರಲ್ಲಿ, ಅಲ್ಲಿ ಹೊಸ ಮೇಷ್ಟ್ರು, ಮತ್ತೆ ‘ಯಾರನ್ನು ಕರೆಯಲು ಬಂದೆಯಪ್ಪ’. ಆದ್ದರಿಂದ ಮಾರ್ಚ್ ತಿಂಗಳಲ್ಲೇ ಏಳು ಮಂದಿಯನ್ನೂ ಕರೆದುಕೊಂಡು ಹೋಗಿ ಒಂದು ದಿನ ಎಂಟನೇ ತರಗತಿಯಲ್ಲಿ ಕೂರಿಸಿದೆ. ಅಲ್ಲಿನ ಬೆಂಚು ಎತ್ತರ, ಮೊಣಕಾಲು ತಾಗುವುದಿಲ್ಲ. ವಾಪಸು ಬರುವಾಗ ಅವರು ಹೆಚ್ಚು ಮಾತಾಡಿದ್ದು ಇದನ್ನೇ.

ಒಬ್ಬನ ಹೆಸರು ಶಾಲಾ ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಇನ್ನೊಂದು ಜಿಲ್ಲೆಯ ಶಾಲೆಯಲ್ಲೂ ಜೀವಂತವಾಗಿತ್ತು. ಅಲ್ಲಿಂದ ಬಿಡಿಸದೆ ಟಿ.ಸಿ. ಸಿಗದು. ಆ ಶಾಲೆಗೆ ಹನ್ನೆರಡು ಬಾರಿ ಫೋನ್ ಮಾಡಿದೆ. ಕೊನೆಗೆ ನಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಖುದ್ದಾಗಿ ಹೋಗಿ ಬಂದರು. ದೊಡ್ಡ ಹುಡುಗನ ಜನ್ಮದಿನಾಂಕ ನೋಡಿ ಹೈಸ್ಕೂಲಿನವರೊಬ್ಬರು, ‘ಇವನು ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಲಿ ಬಿಡಿ ಮೇಡಂ’ ಎಂದರು. ನಾಲ್ಕನೇ ಕಲಮಿನ ಪ್ರತಿ ನನ್ನ ಚೀಲದಲ್ಲಿತ್ತು. ತೆಗೆದು ಮೇಜಿನ ಮೇಲೆ ಇಟ್ಟೆ, ಮಾತು ಬೆಳೆಸಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಹುಡುಗಿಯರ ಬಸ್ ಖರ್ಚು ತಪ್ಪಿತು ಎಂದು ಹಿಗ್ಗಿದೆ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯದು. ಸರ್ಕಾರಿ ಬಸ್ಸಿನ ವೇಳೆಗೆ ಹೊಂದಿಸಿಕೊಂಡು ಇಬ್ಬರು ಹುಡುಗಿಯರು ಹೋದರು, ಮೂವರು ಹುಡುಗರೂ ಹೋದರು. ಮೂರನೆಯ ಹುಡುಗಿಯನ್ನು ಅಕ್ಕನ ಬಾಣಂತನಕ್ಕೆಂದು ಕಳಿಸಿದರು, ಅವಳು ತಿರುಗಿ ಬರಲಿಲ್ಲ. ನಾಲ್ಕನೆಯ ಹುಡುಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ. ಅವನ ಹಾಳೆಯಲ್ಲಿ ಎರಡೇ ಸಾಲು ಬಾಕಿ ಇತ್ತು.

ನವೆಂಬರಿನ ಒಂದು ಭಾನುವಾರ ದೊಡ್ಡ ಹುಡುಗ ಸೈಕಲ್ ತುಳಿದುಕೊಂಡು ನನ್ನ ಮನೆಗೆ ಬಂದ. ಬೆರಳು ಕಪ್ಪಾಗಿತ್ತು. ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಎಡಕ್ಕೆ ತಪ್ಪಿದ ದಿನಾಂಕ, ಬಲಕ್ಕೆ ಆ ದಿನದ ಪಾಠ. ಗೆರೆ ಎಳೆದವನು ಅವನೇ. ಮೂರು ಸಾಲಿದ್ದವು. ಎರಡನ್ನು ಅವತ್ತೇ ಮುಗಿಸಿದೆವು. ಮೂರನೆಯದು ಇಂಗ್ಲಿಷ್ ಪದ್ಯ. ‘ಅದನ್ನು ಅಲ್ಲಿನ ಮೇಡಂ ಹತ್ತಿರ ಕೇಳುತ್ತೇನೆ’ ಎಂದ.