ಮಲೆನಾಡಿನ ಕಣಿವೆ ತೋಟದಿಂದ ಆದಾಯ ಪಡೆಯುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎರಡು ಗುಡ್ಡಗಳ ನಡುವಿನ ತಗ್ಗು ಅಡಿಕೆಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಬಿಸಿಲಿನ ಹೊಡೆತ ಕಡಿಮೆ, ಗುಡ್ಡದಿಂದ ಇಳಿದುಬಂದ ಮಣ್ಣು ಆಳವಾಗಿರುತ್ತದೆ, ಬೇಸಿಗೆಯಲ್ಲೂ ತೇವ ಬೇಗ ಆರುವುದಿಲ್ಲ. ಆದರೆ ಮಳೆಗಾಲದ ನೀರು ನಿಲ್ಲುವುದೂ ಅದೇ ತಗ್ಗಿನಲ್ಲಿ. ಆದ್ದರಿಂದ ಯಾವ ಉಪಬೆಳೆ ಲಾಭದಾಯಕ ಎಂದು ವಿಚಾರಿಸುವ ಮೊದಲು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಜುಲೈ ತಿಂಗಳ ಮಳೆಯಲ್ಲಿಯೇ ತೋಟದೊಳಗೆ ನಡೆದು ನೋಡಿಕೊಳ್ಳಬೇಕು.

ಮೊದಲು ಗುಡ್ಡದ ಬುಡದಲ್ಲಿ, ತೋಟದ ಮೇಲಂಚಿನ ಉದ್ದಕ್ಕೂ ಒಂದು ಕಾಲುವೆ ತೆಗೆದು, ಇಳಿದುಬರುವ ನೀರು ತೋಟಕ್ಕೆ ನುಗ್ಗದೆ ಹಳ್ಳ ಸೇರುವಂತೆ ಮಾಡಬೇಕು. ತೋಟದೊಳಗೆ ಎರಡು ಸಾಲಿಗೆ ಒಂದರಂತೆ ಬಸಿಗಾಲುವೆ ಇರಬೇಕು. ಅದರ ತಳವು ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಕೆಳಗಿರದಿದ್ದರೆ ಬೇರು ನೀರಿನಲ್ಲೇ ಉಳಿಯುತ್ತದೆ. ಪ್ರತಿ ವರ್ಷ ಮಳೆಗೆ ಮುನ್ನ ಕಾಲುವೆಯ ಹೂಳೆತ್ತಿ, ಆ ಮಣ್ಣನ್ನು ಮರದ ಬುಡಕ್ಕೆ ಏರಿಸಿ, ಅದರ ಮೇಲೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹಸಿ ಸೊಪ್ಪು ಮತ್ತು ದರಗು, ಅಂದರೆ ಒಣ ಎಲೆ, ಹೊದಿಸುವುದು ಹಳಬರ ಪದ್ಧತಿ. ಕೂಲಿಯ ಖರ್ಚಿಗೆ ಅಂಜಿ ಈ ಕೆಲಸವನ್ನು ಮುಂದೂಡುವವರು ಅದರ ಹಲವು ಪಟ್ಟನ್ನು ಮದ್ದಿಗೆ ಸುರಿಯುತ್ತಾರೆ.

ಹೊಸದಾಗಿ ನೆಡುವವರು ಗಿಡದಿಂದ ಗಿಡಕ್ಕೆ 9 ಅಡಿ ಅಂತರ ಬಿಟ್ಟರೆ ಎಕರೆಗೆ ಸುಮಾರು 540 ಗಿಡಗಳು ಹಿಡಿಯುತ್ತವೆ. ಇದಕ್ಕಿಂತ ಒತ್ತಾಗಿ ನೆಟ್ಟರೆ ಗಾಳಿಯಾಡದೆ, ಕಾಯಿ ಕೊಳೆತು ಉದುರುವ ಕೊಳೆರೋಗ ಹೆಚ್ಚುತ್ತದೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವೇ ಇಂದಿಗೂ ನಂಬಿಕೆಯ ಮದ್ದು. 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣವನ್ನು ಬೇರೆ ಬೇರೆಯಾಗಿ ತಲಾ 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುತ್ತಾ ಕಲಕಬೇಕು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಕೆಂಪು ಬಣ್ಣ ಕಟ್ಟಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು; ಎರಡನೆಯದನ್ನು 40-45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಮಾಡಬೇಕು.

ಉಪಬೆಳೆಗಳಲ್ಲಿ ಕಾಳುಮೆಣಸಿಗೆ ಮೊದಲ ಸ್ಥಾನ ಕೊಡುವುದು ಸರಿ, ಏಕೆಂದರೆ ಅದು ಪ್ರತ್ಯೇಕ ನೆಲ ಕೇಳುವುದಿಲ್ಲ. ಏಳೆಂಟು ವರ್ಷ ತುಂಬಿದ ಮರಗಳ ಉತ್ತರ ಅಥವಾ ಈಶಾನ್ಯ ದಿಕ್ಕಿಗೆ, ಬುಡದಿಂದ ಎರಡೂವರೆ ಅಡಿ ದೂರದಲ್ಲಿ, ಮಳೆಗಾಲದ ಆರಂಭದಲ್ಲಿ ಬೇರು ಬಿಟ್ಟ ಬಳ್ಳಿಯನ್ನು ನೆಟ್ಟು ಮರಕ್ಕೆ ಹಬ್ಬಿಸಬೇಕು. ಮೆಣಸನ್ನು ಕಾಡುವ ಸೊರಗುರೋಗ ನೀರು ನಿಂತ ಬುಡದಲ್ಲೇ ಶುರುವಾಗುತ್ತದೆ. ಆದಕಾರಣ ತೋಟದ ಎಲ್ಲ ಮರಗಳಿಗೂ ಬಳ್ಳಿ ಹಬ್ಬಿಸುವ ಹಟ ಬೇಡ. ಅತಿ ತಗ್ಗಿನ ಸಾಲುಗಳನ್ನು ಬಿಟ್ಟು, ನೀರು ಚೆನ್ನಾಗಿ ಬಸಿಯುವ ಮೇಲಿನ ಸಾಲುಗಳಿಂದ ಆರಂಭಿಸಬೇಕು. ಅಡಿಕೆಗೆ ಮದ್ದು ಹೊಡೆಯುವಾಗಲೇ ಬಳ್ಳಿಗೂ ಬೋರ್ಡೋ ಹೊಡೆದರೆ ಕೂಲಿ ಉಳಿಯುತ್ತದೆ.

ಕೋಕೋ ಹಾಕುವುದಾದರೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಸಾಕು, ಆದರೆ ವರ್ಷ ವರ್ಷ ಕೊಂಬೆ ಸವರಬೇಕು. ಮಳೆಗಾಲದಲ್ಲಿ ಬೀಜ ಒಣಗಿಸುವುದು ಕಷ್ಟವಾದ್ದರಿಂದ ಹಸಿಬೀಜ ಕೊಳ್ಳುವವರು ಹತ್ತಿರದಲ್ಲಿದ್ದಾರೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಮಂಗ, ಅಳಿಲುಗಳ ಕಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಳೆಯ ತೋಟಕ್ಕೆ ಬಾಳೆ ನೆರಳೂ ಹೌದು, ಕೈಖರ್ಚಿನ ದಾರಿಯೂ ಹೌದು. ಕಾಲುವೆ ತೆಗೆದರೂ ನೀರು ಹೊರಹೋಗದ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಡುವ ಈಗಿನ ಭರಾಟೆ ನನಗೆ ಸರಿ ಕಾಣುವುದಿಲ್ಲ; ಅಂಥಲ್ಲಿ ಭತ್ತವೇ ಮೇಲು.

ಮಾರಾಟದಲ್ಲಿ ಬೆಲೆ ತೀರ್ಮಾನವಾಗುವುದು ಕೊಯ್ಲಿನ ಹದದಿಂದ. ಎಳೆಯದಾಗಿ ಕೊಯ್ದು, ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕಟ್ಟಿದ ಅಡಿಕೆಯು ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಣೆಯಾಗುತ್ತದೆ. ಕೊನೆಗಾರರು (ಮರ ಹತ್ತಿ ಗೊನೆ ಕೊಯ್ಯುವವರು) ಮತ್ತು ಸುಲಿಯುವವರು ಸಿಗದ ಮನೆಯವರು ಒಂದು ಪಾಲನ್ನು ಹಣ್ಣಾಗಲು ಬಿಟ್ಟು, 40-45 ದಿನ ಬಿಸಿಲಿನಲ್ಲಿ ಒಣಗಿಸಿ ಚಾಲಿ (ಬಿಳಿ ಅಡಿಕೆ) ಮಾಡುವುದು ಒಳ್ಳೆಯದು. ಅಡಿಕೆಯನ್ನು ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದಲ್ಲಿ ಕಂತುಕಂತಾಗಿ ಮಾರಿ ವರ್ಷದ ಖರ್ಚು ತೂಗಿಸಿಕೊಂಡರೆ, ಚೆನ್ನಾಗಿ ಒಣಗಿದ ಮೆಣಸನ್ನು ಚೀಲ ಕಟ್ಟಿ ತೇವ ತಾಗದಂತೆ ಅಟ್ಟದಲ್ಲಿಟ್ಟು, ಒಳ್ಳೆಯ ಬೆಲೆ ಬರುವವರೆಗೆ ಕಾಯಬಹುದು.